ಬೇಸಗೆಯ ಒಂದು ರೈಲು ಯಾತ್ರೆ: ಗದಗು, ಬಾದಾಮಿ, ವಿಜಯಪುರ, ಹಂಪಿ

ವೈಶಾಖದ ಅಪರಾಹ್ನ. ಗದಗು ಜಂಕ್ಷನ್ನಿನಿಂದ ಉತ್ತರಾಭಿಮುಖವಾಗಿ ಹೊರಟ ಪ್ಯಾಸೆಂಜರ್ ಗಾಡಿಯಲ್ಲಿ ಪಡುವಣದ ಕಡೆಯ ಕಿಟಕಿಗಳೆಲ್ಲ ಮುಚ್ಚಿವೆ. ಮೂಡಣದ ಕಡೆಯ ಕಿಟಕಿಗಳ ಬಳಿ ಜನ ಒತ್ತಾಗಿ ಕುಳಿತು, ಹಿಂಗಾರಿ ಜೋಳವನ್ನು ಕೊಯ್ದು ಬರಿದಾದ ಎರೆಹೊಲಗಳು ಬಿರುಕುಬಿಟ್ಟು ದಿಗಂತದವರೆಗೂ ಹಾಸಿಕೊಂಡಿರುವುದನ್ನು ನೋಡುತ್ತಿದ್ದಾರೆ. ಊರೂರಿನ ಹೊರಗೂ ಕಣಿಕೆಯ ಬಣವೆಗಳು. ಬಣವೆಯ ನೆರಳಿನಲ್ಲಿ ಮೆಲುಕು ಹಾಕುತ್ತಿರುವ ಎತ್ತುಗಳು. ಹೊಳೆ ಆಲೂರಿನ ಬಳಿ ಸೇತುವೆಯ ಮೇಲೆ ಗಾಡಿಯ ಸದ್ದು ಬದಲಾಗುತ್ತಲೇ ಎಲ್ಲರೂ ಕೆಳಗೆ ನೋಡುತ್ತಾರೆ: ಮಳೆಗಾಲದಲ್ಲಿ ದಡ ಮೀರಿ ಹರಿದು ಊರುಗಳನ್ನೇ ಎಬ್ಬಿಸಿ ಓಡಿಸುವ ಮಲಪ್ರಭೆ ಈಗ ಮರಳಿನ ನಡುವೆ ಅಲ್ಲಲ್ಲಿ ನಿಂತ ಕೆಲವು ಮಡುಗಳು ಮಾತ್ರ. ಹೊಳೆಯನ್ನು ದಾಟಿದ ಸ್ವಲ್ಪ ಹೊತ್ತಿಗೆ ಕಪ್ಪು ನೆಲ ಹಿಂದೆ ಸರಿದು, ಮರಳುಗಲ್ಲಿನ ಕೆಂಬಣ್ಣದ ಬೆಟ್ಟಗಳು ಎದ್ದು ನಿಲ್ಲುತ್ತವೆ. ಚಾಲುಕ್ಯರ ನಾಡು ಬಂದಿತು.

ಪರೀಕ್ಷೆಗಳು ಮುಗಿದು ಮಕ್ಕಳ ರಜೆ ಆರಂಭವಾಗುವ ಈ ಕಾಲದಲ್ಲಿ ಅನೇಕ ಮನೆಗಳಲ್ಲಿ ಪ್ರವಾಸದ ಪ್ರಸ್ತಾಪ ಏಳುವುದುಂಟು, ಅದು ಬಹುತೇಕ ಗಿರಿಧಾಮಗಳ ಕಡೆಗೋ ಕಡಲ ಕಡೆಗೋ ತಿರುಗಿ, ಬಾದಾಮಿ, ವಿಜಯಪುರ, ಹಂಪಿಗಳ ಹೆಸರು ಬಂದೊಡನೆ “ಅಲ್ಲಿಯ ಬಿಸಿಲಿಗೆ ಯಾರು ಹೋದಾರು?” ಎಂಬ ಒಂದು ಪ್ರಶ್ನೆಯಲ್ಲಿ ಮುಗಿದುಹೋಗುತ್ತದೆ. ಬಿಸಿಲು ಸುಳ್ಳಲ್ಲ, ಏಪ್ರಿಲ್, ಮೇ ತಿಂಗಳುಗಳಲ್ಲಿ ವಿಜಯಪುರದ ಮಧ್ಯಾಹ್ನ ನಲವತ್ತು ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಆದರೆ ಸೂರ್ಯನ ವೇಳೆಯನ್ನೂ ರೈಲಿನ ವೇಳೆಯನ್ನೂ ಮೊದಲೇ ಹೊಂದಿಸಿಕೊಂಡು ಹೊರಡುವವನಿಗೆ, ನಮ್ಮ ನಾಡಿನ ಸಾವಿರ ವರ್ಷಗಳಿಗೂ ಮಿಕ್ಕ ಇತಿಹಾಸವನ್ನು ಒಂದೇ ವಾರದಲ್ಲಿ, ಮಿತವಾದ ವೆಚ್ಚದಲ್ಲಿ, ಸಂಸಾರ ಸಮೇತನಾಗಿ ಕಾಣಬಲ್ಲ ಹಾದಿ ಇದಕ್ಕಿಂತ ಸುಲಭವಾದುದು ಮತ್ತೊಂದಿಲ್ಲವೆಂಬುದು ನನ್ನ ದೃಢವಾದ ನಂಬಿಕೆ.

ಬರಗಾಲ ಹಾಸಿದ ಹಳಿ

ಈ ಹಾದಿಯನ್ನು ಹಾಕಿದವರ ಮನಸ್ಸಿನಲ್ಲಿ ಪ್ರವಾಸಿಗಳಿರಲಿಲ್ಲ. 1876ರಿಂದ 1878ರವರೆಗೆ ದಕ್ಷಿಣ ಭಾರತವನ್ನು ನುಂಗಿದ ಮಹಾಕ್ಷಾಮದಲ್ಲಿ ಧಾರವಾಡ, ಕಲಾದಗಿ, ಬಳ್ಳಾರಿಯ ಸೀಮೆಗಳು ಪಟ್ಟ ಪಾಡು ವರ್ಣನಾತೀತವಾದುದು. ಧಾನ್ಯವಿದ್ದ ಕಡೆಯಿಂದ ಇಲ್ಲದ ಕಡೆಗೆ ಅದನ್ನು ಸಾಗಿಸಲು ಎತ್ತಿನ ಗಾಡಿಯ ವಿನಾ ಬೇರೆ ಸಾಧನವಿರಲಿಲ್ಲ. ಮೇವು ನೀರುಗಳಿಲ್ಲದೆ ಎತ್ತುಗಳೇ ಸತ್ತಮೇಲೆ ಗಾಡಿಗಳೂ ನಿಂತುವು. ತರುವಾಯ 1880ರ ಕ್ಷಾಮ ಆಯೋಗವು, ಲಾಭ ಬರಲಿ ಬಾರದಿರಲಿ, ಬರಪೀಡಿತ ಪ್ರದೇಶಗಳಿಗೆ ರಕ್ಷಣೆಯಾಗುವಂಥ ರೈಲು ಮಾರ್ಗಗಳನ್ನು ಹಾಕಬೇಕೆಂದು ಶಿಫಾರಸು ಮಾಡಿತು. 1882ರಲ್ಲಿ ಸ್ಥಾಪಿತವಾದ ಸದರ್ನ್ ಮರಾಠಾ ರೈಲ್ವೆ ಕಂಪನಿಯು ಸೊಲ್ಲಾಪುರದ ಪಕ್ಕದ ಹೋಟಗಿಯಿಂದ ಗದಗಿನವರೆಗೆ ಮೀಟರ್ ಗೇಜ್ ಹಳಿಯನ್ನು 1884ರ ಹೊತ್ತಿಗೆ ಹಾಸಿ ಮುಗಿಸಿತು. ಇಂದು ನಾವು ಕಿಟಕಿಯಲ್ಲಿ ಕುಳಿತು ಸುಖಿಸುವ ಈ ಸುಮಾರು 284 ಕಿಲೋಮೀಟರುಗಳ ಹಾದಿ ಹುಟ್ಟಿದ್ದು ಹಸಿವಿನಿಂದ.

ಅದರ ಪರಿಣಾಮ ಕ್ಷಾಮ ನಿವಾರಣೆಯಲ್ಲಿ ನಿಲ್ಲಲಿಲ್ಲ. ಅದುವರೆಗೆ ಧಾರವಾಡ, ಗದಗುಗಳ ಎರೆನೆಲದ ಹತ್ತಿಯು ಬಂಡಿಗಳ ಮೇಲೆ ಶಿರಸಿಗೆ ಬಂದು, ದೇವಿಮನೆ ಘಟ್ಟವನ್ನಿಳಿದು, ಕುಮಟೆಯ ಬಂದರಿನಿಂದ ಮುಂಬಯಿಗೆ ಹೋಗುತ್ತಿತ್ತು. ಹೊಲಕ್ಕೂ ಬಂದರಿಗೂ ನಡುವೆ ಇಡೀ ಮಲೆನಾಡು ಇದ್ದರೂ ಪೇಟೆಯಲ್ಲಿ ಆ ಹತ್ತಿಗೆ ಕುಮಟೆಯ ಹತ್ತಿಯೆಂದೇ ಪ್ರಸಿದ್ಧಿ. ಹುಬ್ಬಳ್ಳಿ, ಲೋಂಡಾಗಳ ಮೂಲಕ ಮಡಗಾಂವಿನಾಚೆಯ ಮುರ್ಮಾಗೋವಾ ಬಂದರಿಗೆ ರೈಲು ಕೂಡಿಕೊಂಡಮೇಲೆ ಕುಮಟೆಯ ಆ ವೈಭವ ಇಳಿಯಿತು, ಹುಬ್ಬಳ್ಳಿ ಗದಗುಗಳದು ಏರಿತು. ಅತ್ತ ಇಂದಿನ ವಿಜಯಪುರವಾದ ಬಿಜಾಪುರದಲ್ಲಿ, ಹಾಳುಬಿದ್ದ ಆದಿಲಶಾಹಿ ರಾಜಧಾನಿಗೆ ಗಾಡಿ ಬಂದ ಮರುವರ್ಷವೇ, ಎಂದರೆ 1885ರಲ್ಲಿ, ಜಿಲ್ಲೆಯ ಕೇಂದ್ರವನ್ನು ಕಲಾದಗಿಯಿಂದ ಅಲ್ಲಿಗೆ ವರ್ಗಾಯಿಸಿದರು. ಹಳೆಯ ಅರಮನೆಗಳಲ್ಲಿ ಕೆಲವು ಸರ್ಕಾರಿ ಕಚೇರಿಗಳಾದುವು. ಒಂದು ಹಳಿ ಬಂದುದರಿಂದ ಒಂದು ಊರು ಮತ್ತೆ ಊರಾಯಿತು, ಇನ್ನೊಂದು ಹಿಂದೆ ಸರಿಯಿತು. ಕಲಾದಗಿಯ ಹೆಸರನ್ನು ಇಂದು ದಾಳಿಂಬೆಯ ವ್ಯಾಪಾರಿಗಳ ಹೊರತು ಹೊರಗಿನವರು ಬಹುಮಂದಿ ಕೇಳಿಲ್ಲ.

ಮೀಟರ್ ಗೇಜ್ ಹೋಗಿ ಬ್ರಾಡ್ ಗೇಜ್ ಬರುವ ಕೆಲಸ ಈ ಮಾರ್ಗದಲ್ಲಿ ಪೂರ್ಣಗೊಂಡುದು ಈ ಶತಮಾನದ ಮೊದಲ ದಶಕದಲ್ಲಿ. ಅದಕ್ಕೆ ಹಿಂದಿನ ಕೆಲವು ವರ್ಷ ಬೆಂಗಳೂರಿನ ಕಡೆಯಿಂದ ಬಂದವರು ಹುಬ್ಬಳ್ಳಿಯಲ್ಲೋ ಗದಗಿನಲ್ಲೋ ಇಳಿದು, ಸಾಮಾನು ಹೊತ್ತು, ಚಿಕ್ಕ ಗಾಡಿಗೆ ಹತ್ತಬೇಕಾಗಿತ್ತು. ಈಗ ಮೈಸೂರಿನಲ್ಲಿ ಕುಳಿತವರು ಗೋಲಗುಂಬಜ್ ಎಕ್ಸ್‌ಪ್ರೆಸ್ಸಿನಲ್ಲಿ ವಿಜಯಪುರವನ್ನು ದಾಟಿ ಪಂಢರಪುರದವರೆಗೂ ಏಳದೆಯೇ ಹೋಗಬಹುದು.

ಬಿಸಿಲಿನ ಪಂಚಾಂಗ

ಬೇಸಗೆಯ ಯಾತ್ರೆಯ ಯೋಜನೆಯಲ್ಲಿ ಮೊದಲು ನಿರ್ಣಯಿಸತಕ್ಕದ್ದು ಯಾವ ಊರು ಎಂಬುದನ್ನಲ್ಲ, ಯಾವ ಹೊತ್ತು ಎಂಬುದನ್ನು. ಬೆಳಗಿನ ಆರರಿಂದ ಒಂಬತ್ತೂವರೆಯವರೆಗೆ, ಸಂಜೆಯ ನಾಲ್ಕೂವರೆಯಿಂದ ಕತ್ತಲಾಗುವವರೆಗೆ, ಇವೆರಡು ಅವಧಿಗಳೇ ಕಲ್ಲಿನ ಕಟ್ಟಡಗಳಿಗೆ ಮೀಸಲು. ನಡುಹಗಲಿನ ಆರೇಳು ಗಂಟೆಗಳಲ್ಲಿ ಬಂಡೆಯ ಮೇಲೆ ಬರಿಗಾಲಿನಲ್ಲಿ ನಿಲ್ಲುವುದು ಅಸಾಧ್ಯ; ದೇವಾಲಯಗಳಲ್ಲಿ ಪಾದರಕ್ಷೆಗಳನ್ನು ಹೊರಗೆ ಬಿಡಲೇಬೇಕಾದುದರಿಂದ ಈ ಮಾತನ್ನು ಮಕ್ಕಳುಳ್ಳವರು ವಿಶೇಷವಾಗಿ ನೆನೆಯಬೇಕು. ಆ ನಡುಹಗಲನ್ನು ರೈಲಿಗೆ ಕೊಟ್ಟುಬಿಡುವುದೇ ಈ ಯೋಜನೆಯ ಜೀವಾಳ.

ಭೂಗೋಳವೂ ಇದಕ್ಕೆ ಅನುಕೂಲವಾಗಿದೆ. ಹುಬ್ಬಳ್ಳಿಯಿಂದ ಗದಗಿಗೆ ಅರವತ್ತು ಕಿಲೋಮೀಟರಿಗಿಂತ ಕಡಮೆ, ಅಲ್ಲಿಂದ ಬಾದಾಮಿಗೆ ಎಪ್ಪತ್ತರ ಸಮೀಪ, ಬಾದಾಮಿಯಿಂದ ವಿಜಯಪುರಕ್ಕೆ ನೂರಿಪ್ಪತ್ತರ ಸುಮಾರು. ಒಂದು ಗಂಟೆ, ಒಂದೂವರೆ ಗಂಟೆ, ಮೂರು ಗಂಟೆಗಳ ಇಂಥ ಸಣ್ಣ ಹಂತಗಳನ್ನು, ಬೆಳಗಿನ ನೋಟ ಮುಗಿಸಿ ಊಟ ಮಾಡಿದವರು ಮಧ್ಯಾಹ್ನದ ಗಾಡಿ ಹಿಡಿದು ಕಳೆದುಬಿಟ್ಟರೆ, ಸಂಜೆಯ ತಂಪಿಗೆ ಮುಂದಿನ ಊರಿನಲ್ಲಿರುತ್ತಾರೆ. ರಾತ್ರಿಯ ಗಾಡಿಯಲ್ಲಿ ಮಲಗಿ ಹೋಗುವುದರಿಂದ ಒಂದು ದಿನ ಉಳಿಯುವುದು ನಿಜವೇ. ಆದರೆ ಆ ಉಳಿತಾಯಕ್ಕೆ ತೆರುವ ಬೆಲೆ ಇಡೀ ಹಳ್ಳಿಗಾಡು. ಕತ್ತಲಲ್ಲಿ ದಾಟಿದ ಮಲಪ್ರಭೆಯನ್ನೂ ಕೃಷ್ಣೆಯನ್ನೂ ಕಂಡೆವೆಂದು ಹೇಳುವಂತಿಲ್ಲ.

ಕೂಡುವ ಜಾಗವೂ ವಿಚಾರಕ್ಕೆ ಅರ್ಹವಾದ ವಿಷಯ. ಗದಗಿನಿಂದ ವಿಜಯಪುರದ ಕಡೆಗೆ ಗಾಡಿ ಸ್ಥೂಲವಾಗಿ ಉತ್ತರಕ್ಕೆ ಮುಖ ಮಾಡಿರುವುದರಿಂದ, ಮಧ್ಯಾಹ್ನದ ಮೇಲೆ ಹೊರಟವರು ಬಲಗಡೆಯ ಕಿಟಕಿಯನ್ನು ಹಿಡಿಯಬೇಕು, ಬೆಳಗ್ಗೆ ಹೊರಟವರು ಎಡಗಡೆಯದನ್ನು. ಮರಳುವಾಗ ಇದು ತಿರುಗುಮುರುಗು. ಹವಾನಿಯಂತ್ರಿತ ಬೋಗಿಯಲ್ಲಿ ಈ ಚಿಂತೆಯಿಲ್ಲ. ಆದರೆ ಅಲ್ಲಿ ಹೊಲದ ಗಾಳಿಯೂ ಇಲ್ಲ, ನಿಲ್ದಾಣದಲ್ಲಿ ಶೇಂಗಾ ಮಾರುವವರ ದನಿಯೂ ಇಲ್ಲ. ಹುಬ್ಬಳ್ಳಿಯವರೆಗಿನ ದೀರ್ಘವಾದ ಹಂತಕ್ಕೆ ತಂಪು ಬೋಗಿಯನ್ನೂ, ಆಮೇಲಿನ ಸಣ್ಣ ಹಂತಗಳಿಗೆ ಸಾಧಾರಣ ಬೋಗಿಯನ್ನೂ ಆರಿಸಿಕೊಳ್ಳುವುದು ಯುಕ್ತವೆಂದು ನನಗೆ ತೋರುತ್ತದೆ. ಮಜ್ಜಿಗೆ, ಉಪ್ಪು ಸಕ್ಕರೆ ಹಾಕಿದ ನಿಂಬೆಹಣ್ಣಿನ ಶರಬತ್ತು, ತಲೆಗೊಂದು ಬಿಳಿಯ ವಸ್ತ್ರ: ಉಳಿದ ಸಾಮಾನು ಎಷ್ಟು ಕಡಮೆಯಾದರೆ ಅಷ್ಟು ಒಳ್ಳೆಯದು.

ಟಿಕೀಟಿನ ವಿಚಾರ

ಕಾದಿರಿಸುವ ಅವಧಿಯ ವಿಷಯದಲ್ಲಿ ಅನೇಕರ ನೆನಪು ಹಳೆಯದಾಗಿಯೇ ಉಳಿದಿದೆ. ನಾಲ್ಕು ತಿಂಗಳ ಮುಂಚಿನಿಂದ ಟಿಕೀಟು ದೊರೆಯುತ್ತಿದ್ದ ಕಾಲ ಮುಗಿಯಿತು. 2024ರ ನವೆಂಬರಿನಿಂದ ಆ ಅವಧಿ ಪ್ರಯಾಣದ ದಿನವನ್ನು ಬಿಟ್ಟು 60 ದಿನಗಳಿಗೆ ಇಳಿದಿದೆ. ಆದಕಾರಣ ಮೇ ತಿಂಗಳ ಮೊದಲ ವಾರದಲ್ಲಿ ಹೊರಡುವವರು ಮಾರ್ಚ್ ಆರಂಭದಲ್ಲಿಯೇ ದಿನವನ್ನು ಗೊತ್ತುಮಾಡಿಕೊಳ್ಳಬೇಕು. ತತ್ಕಾಲ್ ಟಿಕೀಟು ಹೊರಡುವ ಹಿಂದಿನ ದಿನ ತೆರೆಯುವುದು, ಹವಾನಿಯಂತ್ರಿತ ದರ್ಜೆಗಳಿಗೆ ಬೆಳಗ್ಗೆ 10ಕ್ಕೆ, ಉಳಿದ ದರ್ಜೆಗಳಿಗೆ 11ಕ್ಕೆ. ಅಂತರ್ಜಾಲದಲ್ಲಿ ಅದನ್ನು ಕೊಳ್ಳುವವರ ಖಾತೆಗೆ ಆಧಾರ್ ಜೋಡಣೆಯಾಗಿರುವುದು 2025ರ ಜುಲೈಯಿಂದ ಕಡ್ಡಾಯ. ಸಂಸಾರದ ಪ್ರವಾಸವನ್ನು ತತ್ಕಾಲಿನ ಭರವಸೆಯ ಮೇಲೆ ಹೂಡುವುದು ಸಲ್ಲದು.

ಬಹುಮಂದಿಗೆ ತಿಳಿಯದ ಮತ್ತೊಂದು ಸೌಕರ್ಯವೆಂದರೆ ಸರ್ಕ್ಯುಲರ್ ಜರ್ನಿ ಟಿಕೀಟು. ಒಂದು ನಿಲ್ದಾಣದಿಂದ ಹೊರಟು, ಹಲವು ಊರುಗಳಲ್ಲಿ ಇಳಿದು, ಬೇರೆ ದಾರಿಯಿಂದ ಅದೇ ನಿಲ್ದಾಣಕ್ಕೆ ಮರಳುವವರಿಗೆ ಒಟ್ಟು ದೂರಕ್ಕೆ ಒಂದೇ ಟಿಕೀಟನ್ನು ರೈಲ್ವೆಯವರು ಕೊಡುತ್ತಾರೆ. ಅದರಲ್ಲಿ ಎಂಟು ಕಡೆಯವರೆಗೆ ಇಳಿದು ಹತ್ತಲು ಅವಕಾಶವುಂಟು. ದೂರ ಹೆಚ್ಚಿದಂತೆ ಪ್ರತಿ ಕಿಲೋಮೀಟರಿನ ದರ ಇಳಿಯುವುದು ರೈಲಿನ ದರಗಳ ಸ್ವಭಾವವಾದುದರಿಂದ, ಹಂತಹಂತವಾಗಿ ಕೊಳ್ಳುವ ಟಿಕೀಟುಗಳಿಗಿಂತ ಇದು ಅಗ್ಗವಾಗುತ್ತದೆ. ಇದನ್ನು ಮನೆಯಲ್ಲಿ ಕುಳಿತು ಕೊಳ್ಳಲಾಗದು. ಪ್ರಯಾಣದ ಕ್ರಮವನ್ನು ಬರೆದುಕೊಂಡು ವಿಭಾಗದ ವಾಣಿಜ್ಯಾಧಿಕಾರಿಯ ಕಚೇರಿಗೋ ದೊಡ್ಡ ನಿಲ್ದಾಣಕ್ಕೋ ಹೋಗಿ ಒಪ್ಪಿಗೆ ಪಡೆದು, ಟಿಕೀಟು ಕೊಂಡಮೇಲೆ, ಪ್ರತಿಯೊಂದು ಹಂತಕ್ಕೂ ಆಸನವನ್ನು ಪ್ರತ್ಯೇಕವಾಗಿ ಕಾದಿರಿಸಬೇಕು. ಒಂದೆರಡು ದಿನದ ಓಡಾಟ ಅಗತ್ಯ. ವಿರಾಮವುಳ್ಳ ನಿವೃತ್ತರಿಗೆ ಇದು ಹೇಳಿ ಮಾಡಿಸಿದ್ದು.

ಹುಬ್ಬಳ್ಳಿಯವರೆಗೆ

ಮೈಸೂರಿನಿಂದ ಹೊರಟವರಿಗೆ ಇತಿಹಾಸದ ಮೊದಲ ಪಾಠ ಶ್ರೀರಂಗಪಟ್ಟಣದಲ್ಲಿಯೇ. 1882ರಲ್ಲಿ ಪೂರ್ಣಗೊಂಡ ಬೆಂಗಳೂರು-ಮೈಸೂರು ಹಾದಿಯು ಕೋಟೆಯ ಒಳಗಿಂದಲೇ ಹಾದುಹೋಗುತ್ತದೆ. ಈ ಮಾರ್ಗವನ್ನು ಜೋಡಿಹಳಿಯಾಗಿಸುವ ಕಾಲಕ್ಕೆ ಟೀಪುವಿನ ಕಾಲದ ಒಂದು ಶಸ್ತ್ರಾಗಾರ ಹಳಿಗೆ ಅಡ್ಡಬಂದಾಗ, ಅದನ್ನು ಕೆಡವದೆ, ಬುಡಸಮೇತ ಎತ್ತಿ, 2017ರಲ್ಲಿ ನೂರಕ್ಕೂ ಹೆಚ್ಚು ಮೀಟರು ದೂರಕ್ಕೆ ಇಡಿಯಾಗಿಯೇ ಸರಿಸಿ ನಿಲ್ಲಿಸಿದರು. ಹೊಸ ಹಳಿಗೆ ದಾರಿಯಾಯಿತು, ಹಳೆಯ ಇಟ್ಟಿಗೆಯೂ ಉಳಿಯಿತು. ಅಭಿವೃದ್ಧಿಯ ಹೆಸರಿನಲ್ಲಿ ಹಳೆಯದನ್ನು ಕೆಡಹುವುದು ಅನಿವಾರ್ಯವೆಂದು ವಾದಿಸುವವರಿಗೆ ತೋರಿಸಬೇಕಾದ ನಿದರ್ಶನವಿದು.

ಬೆಂಗಳೂರಿನಿಂದ ಹುಬ್ಬಳ್ಳಿಗೆ ಸುಮಾರು 470 ಕಿಲೋಮೀಟರು. ಬೆಳಗಿನ ಜನಶತಾಬ್ದಿ ಹಗಲಿನಲ್ಲಿಯೇ ತಲಪಿಸುತ್ತದೆ. 2023ರ ಜೂನಿನಿಂದ ಧಾರವಾಡಕ್ಕೆ ಓಡುತ್ತಿರುವ ವಂದೇ ಭಾರತ್ ಇನ್ನೂ ಬೇಗ. ತುಮಕೂರು, ತಿಪಟೂರು, ಅರಸೀಕೆರೆಗಳವರೆಗೆ ತೆಂಗಿನ ತೋಟಗಳು, ದಾವಣಗೆರೆಯ ಸುತ್ತ ಭದ್ರಾ ಕಾಲುವೆಯ ನೀರು ಮುಟ್ಟಿದಲ್ಲೆಲ್ಲ ಬೇಸಗೆಯಲ್ಲಿಯೂ ಹಸಿರು, ರಾಣೇಬೆನ್ನೂರಿನಾಚೆ ಬ್ಯಾಡಗಿ. ಕೆಂಪು ಮೆಣಸಿನಕಾಯಿಗೆ ಹೆಸರಾದ ಆ ಪೇಟೆಯ ಸಮೀಪದಲ್ಲಿ ಸುಗ್ಗಿಯ ದಿನಗಳಲ್ಲಿ ಗಾಡಿಯೊಳಗೂ ಸಣ್ಣ ಘಾಟು ತೇಲಿಬಂದು, ನಿದ್ರಿಸುತ್ತಿದ್ದವರು ಕೆಮ್ಮುತ್ತ ಏಳುತ್ತಾರೆ. ಅರಸೀಕೆರೆಯಲ್ಲಿ ಇಳಿದು ಹಾಸನದ ಮೂಲಕ ಬೇಲೂರು, ಹಳೆಯಬೀಡುಗಳನ್ನೂ ಈ ಯಾತ್ರೆಯಲ್ಲಿಯೇ ಮುಗಿಸಬಾರದೇಕೆ ಎಂಬ ಆಶೆ ಯಾರಿಗಾದರೂ ಬಾರದಿರದು. ಬೇಡವೆಂದೇ ನನ್ನ ಸಲಹೆ: ಹೊಯ್ಸಳರಿಗೆ ಪ್ರತ್ಯೇಕವಾದ ರಜೆಯೇ ಬೇಕು, ಮತ್ತು ಅದು ಮಳೆ ನಿಂತ ಮೇಲಿನದಾದರೆ ಲೇಸು.

ಹುಬ್ಬಳ್ಳಿಯ ಶ್ರೀ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದಲ್ಲಿ 1,507 ಮೀಟರು ಉದ್ದದ ಪ್ಲಾಟ್‌ಫಾರ್ಮು 2023ರ ಮಾರ್ಚಿನಲ್ಲಿ ಉದ್ಘಾಟನೆಗೊಂಡಿತು. ಜಗತ್ತಿನಲ್ಲಿ ಅದಕ್ಕಿಂತ ಉದ್ದವಾದುದಿಲ್ಲವೆಂಬ ಕೀರ್ತಿ ಅದರದು. ಕೀರ್ತಿಯ ಜೊತೆಗೆ ಒಂದು ಎಚ್ಚರ: ಬೋಗಿ ಎಲ್ಲಿ ನಿಲ್ಲುವುದೆಂದು ಮೊದಲೇ ವಿಚಾರಿಸಿಕೊಳ್ಳದಿದ್ದರೆ ಮಧ್ಯಾಹ್ನದ ಧಗೆಯಲ್ಲಿ ವೃದ್ಧರು ಸಾಮಾನು ಸಮೇತ ಒಂದು ಕಿಲೋಮೀಟರು ನಡೆಯಬೇಕಾದೀತು.

ಗದಗಿನಲ್ಲಿ ಬೀಡು

ಹಳಿಯ ನಕ್ಷೆಯನ್ನು ಬಿಡಿಸಿ ನೋಡಿದರೆ ಗದಗಿನ ಮಹತ್ತ್ವ ತಾನಾಗಿ ತಿಳಿಯುತ್ತದೆ: ಪಡುವಣಕ್ಕೆ ಹುಬ್ಬಳ್ಳಿ, ಬಡಗಣಕ್ಕೆ ಬಾದಾಮಿ ವಿಜಯಪುರ, ಮೂಡಣಕ್ಕೆ ಹೊಸಪೇಟೆ ಬಳ್ಳಾರಿ. ಮೂರು ದಿಕ್ಕಿಗೂ ಇಲ್ಲಿಂದ ದಾರಿ. ಆದರೂ ಗದಗನ್ನು ಗಾಡಿ ಬದಲಿಸುವ ಸ್ಥಳವೆಂದು ಮಾತ್ರ ಎಣಿಸುವವರೇ ಹೆಚ್ಚು. ಊರೊಳಗಿನ ತ್ರಿಕೂಟೇಶ್ವರ ಗುಡಿಯ ಆವರಣದಲ್ಲಿರುವ ಸರಸ್ವತಿಯ ದೇಗುಲದ ಕಂಬಗಳ ಎದುರು ಒಂದು ಮುಂಜಾನೆಯನ್ನು ಕಳೆದವರು ಹಾಗೆ ಎಣಿಸಲಾರರು. ಕುಮಾರವ್ಯಾಸನು ಭಾರತವನ್ನು ಬರೆದುದು ವೀರನಾರಾಯಣನ ಸನ್ನಿಧಿಯಲ್ಲೆಂಬ ಪರಂಪರೆಯನ್ನು ಕೇಳಿ ಬೆಳೆದ ಕನ್ನಡಿಗನಿಗೆ ಆ ಗುಡಿಯ ಹೊಸ್ತಿಲನ್ನು ದಾಟುವಾಗ ಮನಸ್ಸು ಆರ್ದ್ರವಾಗದೆ ಇರದು.

ಹನ್ನೆರಡು ಕಿಲೋಮೀಟರಿನ ಒಳಗೆ ಲಕ್ಕುಂಡಿ. ದಾನಚಿಂತಾಮಣಿ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮಜಿನಾಲಯ, ಅದರಾಚೆ ಕಾಶೀ ವಿಶ್ವನಾಥನ ಗುಡಿ, ಮತ್ತೆ ನೂರಾರು ವರ್ಷಗಳಿಂದ ಇಳಿದವರ ಹೆಜ್ಜೆಗೆ ಸವೆದ ಮೆಟ್ಟಿಲುಬಾವಿಗಳು. ಬೇಸಗೆಯಲ್ಲಿ ಮುಸುಕಿನ ಬಾವಿಯ ಮೆಟ್ಟಿಲಿಳಿಯುತ್ತ, ಹೆಜ್ಜೆಹೆಜ್ಜೆಗೂ ಗಾಳಿ ತಂಪಾಗುತ್ತ ಬರುವುದನ್ನು ಮೈಯೇ ಗುರುತಿಸುತ್ತದೆ. ಈ ನಾಡಿನವರು ನೀರನ್ನು ಎಷ್ಟು ಗೌರವದಿಂದ ಕಂಡರೆಂಬುದು ಪುಸ್ತಕದಲ್ಲಿ ಓದಿ ಅರಿಯುವ ವಿಷಯವಲ್ಲ. ಸಂಜೆ ಗದಗಿಗೆ ಮರಳಿದಾಗ ಗಿರ್ಮಿಟ್, ಮಿರ್ಚಿ ಭಜಿ.

ಬಾದಾಮಿಯಲ್ಲಿ ಎರಡು ರಾತ್ರಿ

ಬಾದಾಮಿಯ ನಿಲ್ದಾಣ ಊರಿನಿಂದ ಸುಮಾರು ಐದು ಕಿಲೋಮೀಟರು ದೂರ. ಇದನ್ನರಿಯದೆ ರಾತ್ರಿಯ ವೇಳೆ ಇಳಿದವರು ವಾಹನಕ್ಕಾಗಿ ಪರದಾಡುತ್ತಾರೆ. ಹಗಲಿನಲ್ಲಿ ಆಟೋಗಳಿಗೆ ಕೊರತೆಯಿಲ್ಲ. ಅವಸರವಿದ್ದವರು ಒಂದೇ ದಿನದಲ್ಲಿ ಬಾದಾಮಿ, ಪಟ್ಟದಕಲ್ಲು, ಐಹೊಳೆಗಳನ್ನು ಮುಗಿಸುವುದುಂಟು. ಅದು ನೋಡಿದಂತಲ್ಲ, ಹಾಜರಿ ಹಾಕಿದಂತೆ. ಇಡೀ ಯಾತ್ರೆಯಲ್ಲಿ ಎಲ್ಲಾದರೂ ಎರಡು ರಾತ್ರಿ ತಂಗಬೇಕಾದರೆ ಅದು ಇಲ್ಲಿಯೇ.

ಮೊದಲ ಮುಂಜಾನೆ ಗುಹೆಗಳು. ಮೆಟ್ಟಿಲು ಹತ್ತುತ್ತಲೇ ಒಂದನೆಯ ಗುಹೆಯ ಬದಿಯಲ್ಲಿ ಹದಿನೆಂಟು ತೋಳುಗಳ ನಟರಾಜ. ಒಂದೊಂದು ಕೈಯೂ ಒಂದೊಂದು ಮುದ್ರೆಯಲ್ಲಿ ನಿಂತಿದ್ದರೂ ಮುಖದಲ್ಲಿ ಮಾತ್ರ ಆಯಾಸವಿಲ್ಲ. ಮೂರನೆಯ ಗುಹೆಗೆ ಏರಿದಮೇಲೆ ಆತುರಪಡಬಾರದು. ಚಾಲುಕ್ಯ ಮಂಗಲೇಶನು, ತನ್ನ ಅಣ್ಣ ಕೀರ್ತಿವರ್ಮನು ಆಳುತ್ತಿದ್ದಾಗ, ಶಕ ವರ್ಷ 500ರಲ್ಲಿ, ಎಂದರೆ ಕ್ರಿ.ಶ. 578ರಲ್ಲಿ ಇದನ್ನು ಮಾಡಿಸಿದನೆಂದು ಇಲ್ಲಿಯ ಶಾಸನವೇ ಹೇಳುತ್ತದೆ. ಅಷ್ಟು ಖಚಿತವಾದ ಕಾಲನಿರ್ದೇಶವುಳ್ಳ ಗುಹಾದೇಗುಲಗಳು ಅಪರೂಪ. ಮೊಗಸಾಲೆಯ ತುದಿಯಲ್ಲಿ ಅನಂತನ ಸುರುಳಿಗಳ ಮೇಲೆ ಕುಳಿತ ವಿಷ್ಣುವನ್ನು ನೋಡಿ: ಮರಳುಗಲ್ಲಿನ ಹೊನ್ನು, ಕೆಂಪು, ನಸುನೇರಳೆಯ ಪದರಗಳು ಅವನ ಎದೆಯ ಮೇಲೂ ತೊಡೆಯ ಮೇಲೂ ಅಡ್ಡಡ್ಡಲಾಗಿ ಹಾದುಹೋಗಿರುವುದನ್ನು ಶಿಲ್ಪಿ ದೋಷವೆಂದೆಣಿಸದೆ, ದೇವರಿಗೆ ಉಡಿಸಿದ ಪಟ್ಟೆಯ ಹಾಗೆ ಬಳಸಿಕೊಂಡಿದ್ದಾನೆ. ಬೆಳಗಿನ ಎಳೆಯ ಬೆಳಕಿನಲ್ಲಿ ಈ ಪದರಗಳು ಒಂದೊಂದಾಗಿ ಬಿಡಿಬಿಡಿಯಾಗಿ ಕಾಣುತ್ತವೆ. ಹತ್ತು ಗಂಟೆಯ ಮೇಲೆ ಎಲ್ಲವೂ ಒಂದೇ ಬಣ್ಣ. ಮಂಗಗಳ ಕೈಗೆ ಸಿಗುವಂತೆ ತಿಂಡಿಯ ಚೀಲವನ್ನು ಮಾತ್ರ ಹಿಡಿದುಕೊಂಡು ಹೋಗಬೇಡಿ.

ಮಧ್ಯಾಹ್ನ ಬನಶಂಕರಿ. ಹರಿದ್ರಾತೀರ್ಥದ ಸುತ್ತಲಿನ ಕಲ್ಲಿನ ಮಂಟಪಗಳಲ್ಲಿ ನೆರಳು ಉಂಟು. ಗುಡಿಯ ಬಳಿ ಬುಟ್ಟಿ ಇಳಿಸಿಕೊಂಡ ತಾಯಂದಿರು “ಬರ್ರಿ ಯಣ್ಣಾ, ರೊಟ್ಟಿ ಉಣ್ಣ ಬರ್ರಿ” ಎಂದು ಕರೆಯುತ್ತಾರೆ. ಬುಟ್ಟಿಯ ಬಟ್ಟೆ ಸರಿಸಿದರೆ ಎಳ್ಳು ಹಚ್ಚಿದ ಕಟಕ ಜೋಳದ ರೊಟ್ಟಿ, ಕಾಳಿನ ಪಲ್ಯ, ಶೇಂಗಾದ ಹಿಂಡಿ, ಕೆಂಪು ಚಟ್ನಿ, ಪುಟ್ಟ ಮಣ್ಣಿನ ಗಡಿಗೆಯಲ್ಲಿ ಗಟ್ಟಿ ಮೊಸರು. ಬಿಸಿಲಿನ ನಾಡಿನವರು ಬಿಸಿಲಿಗೆಂದೇ ಕಂಡುಕೊಂಡ ಊಟವಿದು. ನಮ್ಮ ಊರಿನ ತಿಂಡಿಯನ್ನು ಹುಡುಕುತ್ತ ಅಲೆಯುವುದಕ್ಕಿಂತ ಅದನ್ನು ಉಣ್ಣುವುದು ದೇಹಕ್ಕೂ ಹಿತ, ಮನಸ್ಸಿಗೂ ಹಿತ.

ಸಂಜೆ ಅಗಸ್ತ್ಯತೀರ್ಥದ ಮೂಡಣ ದಡದಲ್ಲಿ ಭೂತನಾಥ. ಪಡುವಣದ ಬಿಸಿಲು ನೇರವಾಗಿ ಬಿದ್ದು ಗುಡಿಯೂ ಹಿಂದಿನ ಬಂಡೆಯೂ ಕೆಂಪೇರುವ ಆ ಅರ್ಧ ಗಂಟೆಗಾಗಿಯೇ ಬಾದಾಮಿಯಲ್ಲಿ ರಾತ್ರಿ ತಂಗಬೇಕೆಂದು ಹೇಳಿದುದು. ಕೆರೆಯಾಚೆಯ ಬಂಡೆಯಲ್ಲಿ ಸುಮಾರು 700ರ ಕಾಲದ ಕಪ್ಪೆ ಅರಭಟ್ಟನ ಶಾಸನವಿದೆ. ಕನ್ನಡದ ತ್ರಿಪದಿಗೆ ಅತ್ಯಂತ ಹಳೆಯ ಸಾಕ್ಷಿಗಳಲ್ಲಿ ಅದೊಂದು. ಗುಹೆಗಳಿಗೆ ಬಂದ ಸಾವಿರ ಜನರಲ್ಲಿ ಅದರ ಮುಂದೆ ಹೋಗಿ ನಿಲ್ಲುವವರು ಎಷ್ಟು ಮಂದಿ ಎಂದು ಯೋಚಿಸಿದರೆ ಖೇದವಾಗುತ್ತದೆ.

ಎರಡನೆಯ ಮುಂಜಾನೆ, ಇಪ್ಪತ್ತೆರಡು ಕಿಲೋಮೀಟರು ದೂರದ ಪಟ್ಟದಕಲ್ಲು. ಪಲ್ಲವರ ಕಂಚಿಯನ್ನು ಗೆದ್ದು ಬಂದ ಇಮ್ಮಡಿ ವಿಕ್ರಮಾದಿತ್ಯನ ವಿಜಯದ ನೆನಪಿಗಾಗಿ ರಾಣಿ ಲೋಕಮಹಾದೇವಿ ಎಂಟನೆಯ ಶತಮಾನದಲ್ಲಿ ಕಟ್ಟಿಸಿದ ವಿರೂಪಾಕ್ಷ ದೇವಾಲಯ, ಅವಳ ತಂಗಿ ತ್ರೈಲೋಕ್ಯಮಹಾದೇವಿ ಪಕ್ಕದಲ್ಲಿಯೇ ಕಟ್ಟಿಸಿದ ಮಲ್ಲಿಕಾರ್ಜುನ, ಇವುಗಳ ದ್ರಾವಿಡ ವಿಮಾನಗಳ ನಡುವೆ ಔತ್ತರೇಯ ರೀತಿಯ ಶಿಖರಗಳು: ಉತ್ತರ ದಕ್ಷಿಣಗಳ ಎರಡು ಶೈಲಿಗಳು ಒಂದೇ ಹುಲ್ಲುಹಾಸಿನ ಮೇಲೆ ಹೀಗೆ ಮಗ್ಗುಲಾಗಿ ನಿಂತುದನ್ನು ನೋಡಲು ಇಲ್ಲಿಗೇ ಬರಬೇಕು. ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದುದು 1987ರಲ್ಲಿ. ಐಹೊಳೆಗೆ ಹೋಗುವಷ್ಟು ತಂಪು ಉಳಿದಿದ್ದರೆ ಹೋಗಿ, ಮೇಗುತಿಯ ಗೋಡೆಯ ಮೇಲಿನ ರವಿಕೀರ್ತಿಯ 634ರ ಶಾಸನವನ್ನು ಕಂಡು ಬನ್ನಿ.

ಗುಮ್ಮಟದ ಊರು

ಬಾದಾಮಿಯಿಂದ ಮುಂದೆ ಬಾಗಲಕೋಟೆಯ ಬಳಿ ಘಟಪ್ರಭೆ, ಆಲಮಟ್ಟಿಯ ಸಮೀಪ ಕೃಷ್ಣೆ. ಅಣೆಕಟ್ಟಿನ ಹಿನ್ನೀರು ಹರಡಿರುವೆಡೆ ಸುಡುಬಿಸಿಲಿನಲ್ಲಿಯೂ ನೀಲಿಯಾದ ನೀರು ಕಣ್ತಣಿಸುತ್ತದೆ. ಆ ನೀರಿನ ಕೆಳಗೆ ಊರುಗಳೂ ಹೊಲಗಳೂ ಇದ್ದುವೆಂದು, ಬಾಗಲಕೋಟೆಯ ಹಳೆಯ ಪೇಟೆಯ ಬಹುಭಾಗವೇ ಸ್ಥಳಾಂತರವಾಯಿತೆಂದು ಮಕ್ಕಳಿಗೆ ಹೇಳಬೇಕು. ಬಳಿಕ ಬಯಲು, ನಿಂಬೆ, ದ್ರಾಕ್ಷಿಗಳ ತೋಟಗಳು, ಕೊನೆಗೆ, ಊರು ಕಾಣುವ ಮೊದಲೇ, ಗುಮ್ಮಟ.

ಗೋಲಗುಂಬಜ್ ನಿಲ್ದಾಣಕ್ಕೆ ಹತ್ತಿರವೇ ಇದೆ. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲಶಹನ ಈ ಸಮಾಧಿಯಲ್ಲಿ, ಒಳಗಡೆ ಸುಮಾರು 38 ಮೀಟರು ಅಗಲದ ಗುಮ್ಮಟವನ್ನು ನಡುವೆ ಒಂದು ಕಂಬವೂ ಇಲ್ಲದೆ, ಒಂದನ್ನೊಂದು ಕತ್ತರಿಸಿ ಹೋಗುವ ಕಮಾನುಗಳ ಮೇಲೆ ನಿಲ್ಲಿಸಿದ್ದಾರೆ. ಮೂಲೆಯ ಗೋಪುರದ ಕಡಿದಾದ ಮೆಟ್ಟಿಲುಗಳನ್ನೇರಿ ಪಿಸುಗುಟ್ಟುವ ಮೊಗಸಾಲೆಯನ್ನು ತಲಪುವುದು ಬಾಗಿಲು ತೆರೆದೊಡನೆಯೇ ಆಗಬೇಕು. ಶಾಲೆಯ ತಂಡಗಳು ಬಂದಮೇಲೆ ಅಲ್ಲಿ ಕೂಗಾಟದ ಹೊರತು ಮತ್ತೇನೂ ಕೇಳಿಸದು. ಮುಂಜಾನೆಯಲ್ಲಾದರೆ, ಎದುರು ಬದಿಯಲ್ಲಿ ಗೋಡೆಗೆ ಮುಖವಿಟ್ಟು ಒಬ್ಬರು ಮೆಲ್ಲನೆ ಆಡಿದ ಮಾತು ಈ ಬದಿಯವರ ಕಿವಿಗೆ ಸ್ಪಷ್ಟವಾಗಿ ತಲಪುತ್ತದೆ.

ಆದರೆ ಸೌಂದರ್ಯದಲ್ಲಿ ಇಬ್ರಾಹಿಂ ರೋಜಾ ಇದಕ್ಕಿಂತ ಮೇಲೆಂದು ನಾನು ಹೇಳುತ್ತೇನೆ. ಸಂಗೀತವನ್ನು ಪ್ರೀತಿಸಿ, ಸರಸ್ವತಿಯನ್ನು ಸ್ತುತಿಸಿ ‘ಕಿತಾಬ್-ಇ-ನೌರಸ್’ ಬರೆದ ಇಮ್ಮಡಿ ಇಬ್ರಾಹಿಂ ಆದಿಲಶಹನ ವಿಶ್ರಾಂತಿಸ್ಥಾನ ಅದು. ಸಂಜೆಯ ಹೊತ್ತನ್ನು ಅದಕ್ಕೇ ಮೀಸಲಿಡಬೇಕು.

ಹಂಪಿ, ಮತ್ತು ಮರಳುವ ದಾರಿ

ಕಾಲಾನುಕ್ರಮವನ್ನು ಪಾಲಿಸುವುದಾದರೆ ಹಂಪಿಯನ್ನು ವಿಜಯಪುರಕ್ಕಿಂತ ಮೊದಲು ನೋಡಬೇಕು. ಹಳಿಯ ಅನುಕ್ರಮ ಬೇರೆ. ಅದು ನಮ್ಮನ್ನು ಮತ್ತೆ ಗದಗಿಗೆ ತಂದು, ಅಲ್ಲಿಂದ ಹೊಸಪೇಟೆಗೆ ಕರೆದೊಯ್ಯುತ್ತದೆ. ಈ ತಿರುವಿನಲ್ಲಿಯೂ ಒಂದು ಅರ್ಥವುಂಟು. 1565ರಲ್ಲಿ ಕೃಷ್ಣೆಯ ತೀರದ ರಕ್ಕಸ-ತಂಗಡಿಯ ಕಾಳಗದಲ್ಲಿ ವಿಜಯನಗರವನ್ನು ಸೋಲಿಸಿದ ಸುಲ್ತಾನರಲ್ಲಿ ಬಿಜಾಪುರದ ಆಲಿ ಆದಿಲಶಹನೂ ಒಬ್ಬ. ಆ ಗೆಲುವಿನ ತರುವಾಯ ಅವನ ರಾಜಧಾನಿಯಲ್ಲಿ ಜಾಮಿ ಮಸೀದಿ ಎದ್ದಿತು. ಗೆದ್ದವರ ನಗರವನ್ನು ಕಂಡು ಬಂದು ಸೋತವರ ನಗರದಲ್ಲಿ ನಡೆದಾಡುವಾಗ, ಎರಡೂ ಕಡೆ ಇಂದು ಉಳಿದಿರುವುದು ಕುಶಲಿಗಳ ಕೈಕೆಲಸವೇ ಎಂಬುದು ಎದ್ದುಕಾಣುತ್ತದೆ.

ಹೊಸಪೇಟೆಯಿಂದ ಹಂಪಿಗೆ ಹದಿಮೂರು ಕಿಲೋಮೀಟರು. ಇಲ್ಲಿಯ ಬಂಡೆಗಳು ಹಗಲೆಲ್ಲ ಹೀರಿದ ಕಾವನ್ನು ರಾತ್ರಿಯವರೆಗೂ ಬಿಡುವುದರಿಂದ, ಮುಂಜಾನೆಯನ್ನು ಮಾತ್ರ ನಂಬತಕ್ಕದ್ದು: ಒಂದು ದಿನ ಮತಂಗ ಬೆಟ್ಟ ಮತ್ತು ವಿರೂಪಾಕ್ಷ, ಮರುದಿನ ವಿಠ್ಠಲ ದೇವಾಲಯ. ನಡುಹಗಲಿಗೆ ಕಮಲಾಪುರದ ವಸ್ತುಸಂಗ್ರಹಾಲಯವಿದೆ. ಇಡೀ ನಗರದ ಮಾದರಿಯನ್ನು ಅಲ್ಲಿ ನೋಡಿಕೊಂಡರೆ ಹೊರಗಿನ ಅವಶೇಷಗಳ ಸಂಬಂಧ ತಿಳಿಯಾಗುತ್ತದೆ.

ಮರಳುವುದಕ್ಕೆ ಹುಬ್ಬಳ್ಳಿಯಿಂದ ಹೊಸಪೇಟೆ, ಬಳ್ಳಾರಿ, ಗುಂತಕಲ್ಲುಗಳ ಮೂಲಕ ಬೆಂಗಳೂರು ಮೈಸೂರುಗಳಿಗೆ ಬರುವ ಹಂಪಿ ಎಕ್ಸ್‌ಪ್ರೆಸ್ ಉಂಟು. ಹತ್ತಿದ ರಾತ್ರಿ ಕಳೆದರೆ ಬೆಳಗಿಗೆ ಬೆಂಗಳೂರು. ಇನ್ನೆರಡು ದಿನಗಳ ಅವಕಾಶವುಳ್ಳವರು ಹಂಪಿಯನ್ನು ಮತ್ತೊಂದು ರಜೆಗೆ ಉಳಿಸಿಕೊಂಡು, ವಿಜಯಪುರದಿಂದ ಹೋಟಗಿಗೆ ಹೋಗಿ, ಕಲಬುರಗಿಯ ಕೋಟೆಯನ್ನು ನೋಡಿ, ವಾಡಿ, ರಾಯಚೂರು, ಗುಂತಕಲ್ಲುಗಳ ಮಾರ್ಗವಾಗಿ ಬಂದರೆ, ಹೋದ ದಾರಿಯಲ್ಲಿ ಮರಳದೆ ಪೂರ್ಣವಾದ ಒಂದು ಸುತ್ತೇ ಆಗುತ್ತದೆ; ಸರ್ಕ್ಯುಲರ್ ಟಿಕೀಟಿಗೆ ಒಪ್ಪುವ ದಾರಿ ಅದು.

ರಜೆಯ ದಿನಗಳಲ್ಲಿ ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ಜಾಗ ಬೇಗ ತುಂಬುವುದರಿಂದ ಮರಳುವ ಟಿಕೀಟನ್ನು ಮೊದಲು, ಹುಬ್ಬಳ್ಳಿಗೆ ಹೋಗುವುದನ್ನು ಅದರ ಬೆನ್ನಿಗೆ ಕಾದಿರಿಸಿ. ಗದಗು, ಬಾದಾಮಿ, ವಿಜಯಪುರಗಳ ನಡುವಿನ ಸಣ್ಣ ಹಂತಗಳಿಗೆ ಆಯಾ ದಿನ ನಿಲ್ದಾಣದ ಕಿಟಕಿಯಲ್ಲಿ ಸಾಮಾನ್ಯ ದರ್ಜೆಯ ಟಿಕೀಟು ಕೊಂಡರೆ ಸಾಕು.